ವಿದೇಶಕ್ಕೆ ಸೇವೆಗೆ ಹೊರಡುವವರು ಮೊದಲು ಪಡ್ರೆ ಊರಿನವರ ಮಾತು ಕೇಳಲಿ

ನನ್ನ ಕೆಲಸ ಮಂಗಳೂರಿನ ಒಂದು ಕಾಲೇಜಿನಲ್ಲಿ, ಮನೆ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ನಮ್ಮಲ್ಲಿ ಪಬ್ಲಿಕ್ ಹೆಲ್ತ್, ನರ್ಸಿಂಗ್ ಓದುವ ಕೆಲವು ಮಕ್ಕಳು ಪ್ರತಿ ವರ್ಷ ಒಂದೆರಡು ತಿಂಗಳ ಮಟ್ಟಿಗೆ ಉಗಾಂಡ, ಕೀನ್ಯಾ ಕಡೆಯ ಆರೋಗ್ಯ ಕೇಂದ್ರಗಳಿಗೆ ಹೋಗುತ್ತಾರೆ. ಅವರನ್ನು ತಯಾರು ಮಾಡಿ ಕಳಿಸುವ ಜವಾಬ್ದಾರಿ ನನ್ನ ಮೇಲೂ ಉಂಟು. ತಯಾರಿ ಅಂದರೆ ವೀಸಾ, ಟಿಕೆಟ್, ಇನ್ಶೂರೆನ್ಸ್ ಅಂತಲೇ ಜಾಸ್ತಿ ಜನ ತಿಳಿದಿದ್ದಾರೆ. ಎಷ್ಟೋ ಕಡೆ ಆಗುವುದೂ ಅಷ್ಟೇ. ಒಂದು ಮಧ್ಯಾಹ್ನ ಪಿಪಿಟಿ ತೋರಿಸುತ್ತಾರೆ, ಬ್ಯಾನರ್ ಹಿಡಿದು ಗ್ರೂಪ್ ಫೋಟೋ ತೆಗೆಯುತ್ತಾರೆ, ಮರುವಾರ ಮಕ್ಕಳು ವಿಮಾನ ಹತ್ತುತ್ತಾರೆ. ಅದು ಸಾಲದು, ಏನೇನೂ ಸಾಲದು ಅಂತ ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೀಗೆ ಯೋಚಿಸಲಿಕ್ಕೆ ಕಾರಣ ನಮ್ಮ ಊರು. ಎಣ್ಮಕಜೆ ಪಂಚಾಯತ್‌ನ ಪಡ್ರೆ, ಸ್ವರ್ಗ ಎಂಬ ಹೆಸರುಗಳನ್ನು ನೀವು ಪೇಪರ್‌ನಲ್ಲಿ ಓದಿರುತ್ತೀರಿ. 1970ರ ದಶಕದ ಕೊನೆಯಿಂದ 2000ನೇ ಇಸವಿಯವರೆಗೆ ಕೇರಳ ಸರಕಾರದ ಪ್ಲಾಂಟೇಶನ್ ಕಾರ್ಪೊರೇಷನ್‌ನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಕೆಳಗೆ ಮನೆಗಳಿದ್ದವು, ಶಾಲೆ ಇತ್ತು, ಸುರಂಗದ, ಅಂದರೆ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ, ನೀರು ಕುಡಿಯುವ ಜನ ಇದ್ದರು. ಆ ವಿಷದಿಂದ ಜನ, ಮಕ್ಕಳು ಕಾಯಿಲೆ ಬಿದ್ದ ಆಮೇಲಿನ ಕಥೆ ಎಲ್ಲರಿಗೂ ಗೊತ್ತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ನಡೆದ ಸ್ಟಾಕ್‌ಹೋಮ್ ಒಪ್ಪಂದದ ಸಭೆ ಈ ವಿಷವನ್ನು ಜಗತ್ತಿನಿಂದಲೇ ತೆಗೆಯಬೇಕಾದ ಪಟ್ಟಿಗೆ ಸೇರಿಸಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ನಿಷೇಧ ಹಾಕಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಅಂತ ಕೇರಳ ಸರಕಾರಕ್ಕೆ ಅದೇ ಕೋರ್ಟ್ ಹೇಳಿತು.

ಆದರೆ ಇದರ ಜೊತೆಗೇ ಇನ್ನೊಂದು ನಡೆಯಿತು, ಅದರ ಬಗ್ಗೆ ಮಾತಾಡುವವರು ಕಡಿಮೆ. ಆ ವರ್ಷಗಳಲ್ಲಿ ನಮ್ಮಲ್ಲಿಗೆ ಬಂದು ಹೋದ ಜನರ ಸಾಲು. ಕ್ಯಾಮರಾ ಹಿಡಿದವರು, ಸರ್ವೇ ಮಾಡುವವರು, ಪ್ರಾಜೆಕ್ಟ್ ಮಾಡುವ ಕಾಲೇಜು ಮಕ್ಕಳು, ವಿದೇಶದವರು. ಇವರಲ್ಲಿ ಕೆಲವರಿಂದ ನಮಗೆ ದೊಡ್ಡ ಉಪಕಾರ ಆಗಿದೆ, ಅದನ್ನು ಮರೆಯುವ ಹಾಗಿಲ್ಲ. ಇಲ್ಲಿಯದೇ ವೈದ್ಯರು, ಇಲ್ಲಿಯದೇ ಪತ್ರಕರ್ತರು ವರ್ಷಗಟ್ಟಲೆ ಬೆನ್ನು ಹತ್ತದಿದ್ದರೆ, ಹೊರಗಿನವರು ಅದಕ್ಕೆ ದನಿ ಸೇರಿಸದಿದ್ದರೆ ನಿಷೇಧ ಆಗುತ್ತಿರಲಿಲ್ಲ. ಹಾಗಂತ ಬಂದವರೆಲ್ಲ ಒಂದೇ ರೀತಿ ನಡೆದುಕೊಳ್ಳಲಿಲ್ಲ.

ನನಗೆ ಗೊತ್ತಿರುವ ಒಬ್ಬ ಅಕ್ಕ ಇದ್ದಾರೆ. ಅವರ ಮಗ ಹುಟ್ಟಿದಾಗಿನಿಂದ ಮಲಗಿದಲ್ಲೇ. ಬಂದವರು ಒಳಗೆ ಬರುತ್ತಿದ್ದರಂತೆ, ಮಗುವನ್ನು ಬೆಳಕು ಬೀಳುವ ಕಡೆ ತಿರುಗಿಸಿ ಮಲಗಿಸಲು ಹೇಳುತ್ತಿದ್ದರಂತೆ. ಒಬ್ಬರು ಅಂಗಿ ತೆಗೆಯಿರಿ, ಹೊಟ್ಟೆ ಕಾಣಬೇಕು ಅಂದರಂತೆ. "ನಾನು ತೆಗೆದೆ ಮಾರಾಯ್ತಿ. ಬೇಡ ಅಂದ್ರೆ ಬರುವ ಸಹಾಯ ನಿಲ್ತದಾ ಅಂತ ಹೆದರಿಕೆ," ಅಂತ ಅವರು ಹೇಳಿದ್ದು. ಇನ್ನೊಮ್ಮೆ ಯಾರೋ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕಾಗದ ಮಲಯಾಳದಲ್ಲಿ. ಅಕ್ಕ ಓದಿದ್ದು ಕನ್ನಡ ಶಾಲೆಯಲ್ಲಿ. ಅದರಲ್ಲಿ ಏನಿತ್ತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. ರಕ್ತ ತೆಗೆದುಕೊಂಡು ಹೋದವರಿಂದ ರಿಪೋರ್ಟ್ ಬರಲೇ ಇಲ್ಲ.

ಈ ಅಕ್ಕನ ಜಾಗದಲ್ಲಿ ಉಗಾಂಡದ ಒಬ್ಬ ತಾಯಿಯನ್ನು ಇಟ್ಟು ನೋಡಿ. ಬರುವವರು ಯಾರು? ನಮ್ಮ ಮಕ್ಕಳು.

ಹಾಗಾಗಿ ಹೊರಡುವ ಮೊದಲು ನಾನು ಮಕ್ಕಳನ್ನು ಇಲ್ಲಿಗೆ ಕರೆತರುತ್ತೇನೆ. ಸಂತ್ರಸ್ತರ ಮನೆಗಳಿಗಲ್ಲ, ಅದನ್ನು ಸ್ಪಷ್ಟವಾಗಿ ಹೇಳುತ್ತೇನೆ, ಇನ್ನೊಂದು ಬಸ್ ತುಂಬ ಜನರನ್ನು ಆ ಅಂಗಳಗಳಿಗೆ ಇಳಿಸುವುದು ನನಗೆ ಬೇಡ. ಒಂದು ಸಭಾಭವನದಲ್ಲಿ ಕೂರುತ್ತೇವೆ. ಮಾತಾಡಲು ಇಷ್ಟ ಇರುವ ಇಬ್ಬರು ಮೂವರು ಅಮ್ಮಂದಿರು ಬರುತ್ತಾರೆ. ಅವರ ಆ ದಿನದ ಕೂಲಿಯನ್ನು, ಆಟೋ ಬಾಡಿಗೆಯನ್ನು ಕಾಲೇಜು ಕೊಡುತ್ತದೆ, ಬೇರೆ ಉಪನ್ಯಾಸಕರಿಗೆ ಕೊಡುವ ಹಾಗೆಯೇ. ರೋಗದ ಬಗ್ಗೆ ಕೇಳಬಾರದು ಅಂತ ಮಕ್ಕಳಿಗೆ ಮೊದಲೇ ತಾಕೀತು. ಕೇಳಬೇಕಾದದ್ದು ಬೇರೆ. ನಿಮ್ಮ ಮನೆಗೆ ಬಂದವರಲ್ಲಿ ಯಾರು ನೆನಪಿನಲ್ಲಿದ್ದಾರೆ? ಯಾಕೆ? ಯಾರು ಮತ್ತೆ ಬರಬಾರದು ಅನ್ನಿಸಿತು? ಯಾವ ಪ್ರಶ್ನೆಗೆ ಬೇಜಾರಾಯಿತು?

ಉತ್ತರ ಕೇಳಿದರೆ ಆಶ್ಚರ್ಯ ಆಗುತ್ತದೆ. ಒಳ್ಳೆಯವರು ಅಂತ ನೆನಪಿರುವವರು ದೊಡ್ಡ ಸಹಾಯ ಮಾಡಿದವರೇ ಆಗಬೇಕಿಲ್ಲ. ಚಾವಡಿಯಲ್ಲಿ ಕೂತು ಒಂದು ಲೋಟ ನೀರು ಕುಡಿದವರು. ಮಗುವಿನ ಹೆಸರು ಕೇಳಿ, ಮುಂದಿನ ಸಲ ಬಂದಾಗ ಆ ಹೆಸರು ಹಿಡಿದು ಕರೆದವರು. ರಿಪೋರ್ಟ್ ಕಳಿಸುತ್ತೇನೆ ಅಂದು ಕಳಿಸಿದವರು. ಒಬ್ಬ ಅಮ್ಮ ಹೇಳಿದ್ದು, "ಫೋಟೋ ಬೇಡ ಅಂದೆ, ಆಯ್ತಮ್ಮ ಅಂತ ಕ್ಯಾಮರಾ ಚೀಲದೊಳಗೆ ಇಟ್ಟ. ಆಮೇಲೆ ನಾನೇ ಎರಡು ಗಂಟೆ ಮಾತಾಡಿದೆ."

ಒಪ್ಪಿಗೆಯ ವಿಷಯ ಇದಾದ ಮೇಲೆ ಪುಸ್ತಕದಿಂದ ಪಾಠ ಮಾಡಿದರೆ ತಲೆಗೆ ಹೋಗುತ್ತದೆ. ಮನುಷ್ಯರ ಮೇಲಿನ ಸಂಶೋಧನೆಗೆ ನಿಯಮ ಹಾಕಿದ ನ್ಯೂರೆಂಬರ್ಗ್ 1947, ಹೆಲ್ಸಿಂಕಿ 1964 ಅಂತ ಇಸವಿ ಬಾಯಿಪಾಠ ಮಾಡುವುದಲ್ಲ. ನಮ್ಮ ಪಕ್ಕದ ಆಂಧ್ರದಲ್ಲೇ ನಡೆದದ್ದನ್ನು ಮುಂದೆ ಇಡುತ್ತೇನೆ. 2009ರಲ್ಲಿ, ಆಗ ಆಂಧ್ರಪ್ರದೇಶದಲ್ಲಿದ್ದ ಖಮ್ಮಂ ಜಿಲ್ಲೆಯಲ್ಲಿ, ಒಂದು ಅಂತಾರಾಷ್ಟ್ರೀಯ ಸಂಸ್ಥೆಯ ಯೋಜನೆಯಲ್ಲಿ ಹುಡುಗಿಯರಿಗೆ ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ ಹಾಕಿದರು. ಅದರಲ್ಲಿ ಹಾಸ್ಟೆಲ್‌ನಲ್ಲಿ ಓದುವ ಬುಡಕಟ್ಟು ಮಕ್ಕಳೂ ಇದ್ದರು. ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದು ಅಪ್ಪ ಅಮ್ಮ ಅಲ್ಲ, ಹಾಸ್ಟೆಲ್ ವಾರ್ಡನ್. ಕೆಲವು ಹುಡುಗಿಯರ ಸಾವಿನ ಸುದ್ದಿ ಬಂದಾಗ 2010ರ ಏಪ್ರಿಲ್‌ನಲ್ಲಿ ಎಲ್ಲ ನಿಂತಿತು. ಸಾವಿಗೂ ಲಸಿಕೆಗೂ ಸಂಬಂಧ ಕಾಣಲಿಲ್ಲ ಅಂತ ತನಿಖೆ ಹೇಳಿತು. ಲಸಿಕೆಯೂ ಒಳ್ಳೆಯದೇ, ಹಾಕಿಸಿಕೊಳ್ಳಬೇಕಾದದ್ದೇ. ಆದರೆ ಒಪ್ಪಿಗೆಯನ್ನು ಹಗುರ ಮಾಡಿದ್ದಕ್ಕೆ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಬಹಳ ಕಟುವಾಗಿ ಬರೆಯಿತು, ಜನರ ಮನಸ್ಸಲ್ಲಿ ಲಸಿಕೆಯ ಮೇಲೆ ಅನುಮಾನ ಉಳಿಯಿತು.

ನೈಜೀರಿಯದ ಕಾನೋದಲ್ಲಿ ಇದಕ್ಕಿಂತ ದೊಡ್ಡದು ಆಗಿತ್ತು. 1996ರಲ್ಲಿ ಅಲ್ಲಿ ಮೆದುಳಿನ ಪೊರೆಯ ಸೋಂಕು (ಮೆನಿಂಜೈಟಿಸ್) ಹಬ್ಬಿದಾಗ ಫೈಜರ್ ಕಂಪನಿ ಒಂದು ಹೊಸ ಔಷಧವನ್ನು 200 ಮಕ್ಕಳ ಮೇಲಿನ ಪ್ರಯೋಗದಲ್ಲಿ ಪರೀಕ್ಷಿಸಿತು, ಅರ್ಧ ಮಕ್ಕಳಿಗೆ ಹೊಸದು, ಅರ್ಧ ಮಕ್ಕಳಿಗೆ ಹಳೆಯದು. ಇದು ಪ್ರಯೋಗ ಅಂತ ನಮಗೆ ಸರಿಯಾಗಿ ಹೇಳಲೇ ಇಲ್ಲ ಅಂತ ಮನೆಯವರು ಕೋರ್ಟಿಗೆ ಹೋದರು. ಕಂಪನಿ ತಪ್ಪು ಒಪ್ಪಲಿಲ್ಲ, 2009ರಲ್ಲಿ ಕಾನೋ ರಾಜ್ಯದ ಜೊತೆ ರಾಜಿ ಆಯಿತು. ಈ ನಡುವೆ 2003ರಲ್ಲಿ ಅದೇ ಕಾನೋದಲ್ಲಿ ಪೋಲಿಯೋ ಹನಿಯೇ ಬೇಡ ಅಂತ ನಿಲ್ಲಿಸಿಬಿಟ್ಟರು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಆದರೆ ಹಳೆಯ ಈ ಗಾಯವೂ ಒಂದು ಅಂತ ಅಲ್ಲಿಯವರೇ ಹೇಳುತ್ತಾರೆ. ಪೋಲಿಯೋ ಅಲ್ಲಿಂದ ಬೇರೆ ದೇಶಗಳಿಗೂ ಹರಡಿತು. ಇದನ್ನು ಹೇಳುವಾಗ ಕ್ಲಾಸಿನಲ್ಲಿ ಒಬ್ಬರಾದರೂ ಕೇಳುತ್ತಾರೆ, "ಮೇಡಂ, ನಾವು ಔಷಧ ಪ್ರಯೋಗ ಮಾಡಲಿಕ್ಕೆ ಹೋಗುವುದಲ್ಲವಲ್ಲ?" ಹೌದು, ಅಲ್ಲ. ಆದರೆ ನೀವು ಒಂದು ಪ್ರಶ್ನಾವಳಿ ಹಿಡಿದು ಯಾರದೋ ಮನೆಗೆ ಹೋಗುತ್ತೀರಿ, ಪಕ್ಕದಲ್ಲಿ ಆರೋಗ್ಯ ಕೇಂದ್ರದ ಸಿಬ್ಬಂದಿ ನಿಂತಿರುತ್ತಾರೆ. ನಾಳೆ ಅವರ ಹತ್ತಿರವೇ ಮಾತ್ರೆಗೆ ಹೋಗಬೇಕಾದ ಹೆಂಗಸು ನಿಮಗೆ ಬೇಡ ಅಂತ ಹೇಗೆ ಹೇಳುತ್ತಾಳೆ?

ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸ್ಯಾನ್ ಜನರು. ಎಷ್ಟೋ ವರ್ಷ ಸಂಶೋಧಕರಿಗೆ ಸರಕಾಗಿದ್ದ ಸಮುದಾಯ ಅದು. 2017ರಲ್ಲಿ ಅವರು ತಮ್ಮದೇ ಒಂದು ನೀತಿಸಂಹಿತೆ ಮಾಡಿದರು. ನಮ್ಮಲ್ಲಿಗೆ ಬರುವವರು ನಮ್ಮ ಮಂಡಳಿಯ ಒಪ್ಪಿಗೆ ಪಡೆದು ಬನ್ನಿ, ನಮಗೆ ಅರ್ಥ ಆಗುವ ಮಾತಲ್ಲಿ ಹೇಳಿ, ಫೋಟೋ ಹಾಕುವ ಮೊದಲು ಕೇಳಿ, ಕೊಟ್ಟ ಮಾತು ಉಳಿಸಿ ಅಂತ. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಕ್ರಮಪ್ರಕಾರ ನಡೆಯುವುದು, ಇಷ್ಟನ್ನೇ ಅವರು ಕೇಳಿದ್ದು. ಅದನ್ನು ನಾನು ಸರಳ ಕನ್ನಡದಲ್ಲಿ ಹೇಳಿದಾಗ ಪಡ್ರೆಯ ಒಬ್ಬ ಅಮ್ಮ, "ನಮಗೂ ಇಂಥದ್ದೊಂದು ಬೇಕಿತ್ತು" ಅಂದರು. ಎಂಡೋಸಲ್ಫಾನ್ ಪ್ರದೇಶದ ಪಂಚಾಯತ್‌ಗಳು ಸೇರಿ ಇಂಥ ಒಂದು ಕಾಗದ ಇನ್ನಾದರೂ ಮಾಡಬೇಕು ಅಂತ ನನ್ನ ಆಸೆ. ಕನ್ನಡ, ಮಲಯಾಳ, ತುಳು ಬಲ್ಲವರು ಕೂತರೆ ಒಂದು ವಾರದ ಕೆಲಸ.

ಈಗ ಸ್ವಲ್ಪ ಕಷ್ಟದ ವಿಷಯ. ಅಮೆರಿಕದ್ದೋ ಯುರೋಪಿನದ್ದೋ ತಯಾರಿ ಪುಸ್ತಕಗಳಲ್ಲಿ ಬಿಳಿ ವಿದ್ಯಾರ್ಥಿಗೆ ಹೇಳುವ ಬುದ್ಧಿಮಾತು ಜಾಸ್ತಿ. ನೀನು ಶ್ರೀಮಂತ ದೇಶದಿಂದ ಹೋಗುತ್ತಿದ್ದೀಯ, ನಿನ್ನ ಕೈಯಲ್ಲಿ ಅಧಿಕಾರ ಇದೆ, ಎಚ್ಚರ ಅಂತ. ನಮ್ಮ ಮಕ್ಕಳು ಅದನ್ನು ಓದಿ, ಇದು ನಮಗಲ್ಲ ಅಂದುಕೊಳ್ಳುತ್ತಾರೆ. ನಾವೂ ಬಡ ದೇಶದವರೇ, ನಮ್ಮಲ್ಲೂ ಮಲೇರಿಯಾ ಇದೆ, ನಾವು ಅವರ ಹಾಗೆಯೇ ಅಂತ. ಅಲ್ಲ. ಪೂರ್ವ ಆಫ್ರಿಕಾದಲ್ಲಿ ಭಾರತೀಯರದ್ದು ಬೇರೆಯೇ ಕಥೆ. ರೈಲು ಹಳಿ ಹಾಕಲು ಬ್ರಿಟಿಷರು ಕರೆದುಕೊಂಡು ಹೋದ ಕೂಲಿಗಳು, ಅಂಗಡಿ ಇಟ್ಟ ಗುಜರಾತಿಗಳು, 1972ರಲ್ಲಿ ಇದಿ ಅಮೀನ್ ಏಷ್ಯಾದವರನ್ನು ಉಗಾಂಡದಿಂದ ಹೊರಗೆ ಹಾಕಿದ್ದು, ಇದೆಲ್ಲ ಅಲ್ಲಿಯವರ ನೆನಪಿನಲ್ಲಿ ಉಂಟು. ಇವತ್ತಿಗೂ ಎಷ್ಟೋ ಊರುಗಳಲ್ಲಿ ಭಾರತೀಯ ಅಂದರೆ ಅಂಗಡಿಯ ಯಜಮಾನ, ಕಾರ್ಖಾನೆಯ ಯಜಮಾನ. ಅಲ್ಲಿಯ ನರ್ಸ್ ನಿಮ್ಮನ್ನು ಮೊದಲ ದಿನ ನೋಡುವುದು ಆ ಕಣ್ಣಲ್ಲೇ ಇರಬಹುದು.

ಇನ್ನು ನಮ್ಮ ಕಣ್ಣಿನದ್ದು. ಬಣ್ಣದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಆಡುವ ಮಾತು ಹೇಗೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನಲ್ಲಿ ಒಂದು ಗುಂಪು ಟಾಂಜಾನಿಯದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಆಕೆ ಮಾಡಿದ ತಪ್ಪೇನೂ ಇರಲಿಲ್ಲ. ಬೇರೆ ಯಾರೋ ಮಾಡಿದ ಅಪಘಾತಕ್ಕೆ ಚರ್ಮದ ಬಣ್ಣ ನೋಡಿ ಆಕೆಯನ್ನು ಹಿಡಿದರು. ಆ ಸುದ್ದಿ ಆಫ್ರಿಕಾದಲ್ಲೂ ಓದಿದ್ದಾರೆ. ನಮ್ಮ ಮಕ್ಕಳಿಗೆ ಈ ಘಟನೆ ಗೊತ್ತಿರಬೇಕು, ಯಾರಾದರೂ ಅದರ ಬಗ್ಗೆ ಕೇಳಿದರೆ ಜಾರಿಕೊಳ್ಳಬಾರದು. ಕ್ಲಾಸಿನಲ್ಲಿ ಈ ಮಾತು ಬಂದಾಗ ಎಲ್ಲರೂ ತಲೆ ತಗ್ಗಿಸುತ್ತಾರೆ. ನಾನು ಸುಮ್ನೆ ಕಾಯುತ್ತೇನೆ. ಸ್ವಲ್ಪ ಹೊತ್ತಿಗೆ ಒಬ್ಬರು ತಮ್ಮ ಮನೆಯಲ್ಲಿ ಕೇಳಿದ್ದನ್ನು ಹೇಳಲು ಶುರು ಮಾಡುತ್ತಾರೆ, ಆಮೇಲೆ ಇನ್ನೊಬ್ಬರು. ಮೂರು ಗಂಟೆಯ ಕ್ಲಾಸಿನಲ್ಲಿ ನನಗೆ ಎಲ್ಲಕ್ಕಿಂತ ಬೇಕಾದ ಅರ್ಧ ಗಂಟೆ ಅದು.

ಒಂದು ವಿಷಯದಲ್ಲಿ ಕಾಸರಗೋಡಿನ ಮಕ್ಕಳಿಗೆ ಕೈಯಲ್ಲೊಂದು ದೀಪ ಇದ್ದ ಹಾಗೆ. ಭಾಷೆ. ಮನೆಯಲ್ಲಿ ತುಳುವೋ ಹವ್ಯಕವೋ ಬ್ಯಾರಿಯೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಅರ್ಥ ಆಗದ ಭಾಷೆಯಲ್ಲಿ ಸರಕಾರಿ ಫಾರಂ ಬಂದಾಗ ಹೇಗೆ ಆಗುತ್ತದೆ ಅಂತ ಇವರಿಗೆ ಗೊತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದ್ದನ್ನು ಅಜ್ಜಿಗೆ ತಿಳಿಸಿ ಹೇಳಿದ್ದು ಇವರೇ. ಡಾಕ್ಟರು ಐದು ನಿಮಿಷ ಮಾತಾಡಿದ್ದು ಅಜ್ಜಿಗೆ ಒಂದೇ ವಾಕ್ಯವಾಗಿ ತಲುಪಿದರೆ ಏನೇನು ಬಿಟ್ಟುಹೋಗುತ್ತದೆ ಅಂತ ಇವರಿಗೆ ಅನುಭವ ಉಂಟು. ತಮಗೆ ಬಾರದ ಲುಗಾಂಡ, ಸ್ವಾಹಿಲಿ ಆಡುವ ಊರಿನಲ್ಲಿ ಸಂದರ್ಶನ ಮಾಡುವಾಗ ಇದೇ ಅನುಭವ ಬೇಕು. ದುಭಾಷಿಗೆ ಪ್ರಶ್ನೆಗಳನ್ನು ಒಂದು ದಿನ ಮೊದಲು ಕೊಡಿ, ರೋಗಿಯ ಮನೆಯ ಮಗುವನ್ನು ದುಭಾಷಿ ಮಾಡಬೇಡಿ, ಮಾತಾಡುವಾಗ ರೋಗಿಯ ಮುಖ ನೋಡಿ, ದುಭಾಷಿಯ ಮುಖ ಅಲ್ಲ. ಇಷ್ಟು ಹೇಳಿದರೆ ಉಳಿದದ್ದನ್ನು ಅವರೇ ಹೇಳುತ್ತಾರೆ.

ಇನ್ನು "ನನಗೆ ಬರುವುದಿಲ್ಲ" ಅನ್ನುವ ಮಾತು. ನಮ್ಮ ಮಕ್ಕಳಿಗೆ ಇದು ಬಹಳ ಕಷ್ಟ. ದೊಡ್ಡವರು ಹೇಳಿದ್ದಕ್ಕೆ ಇಲ್ಲ ಅನ್ನಬಾರದು ಅಂತ ಬೆಳೆದವರು. ಅಲ್ಲಿ ಕೆಲಸ ಮಾಡುವ ಕೈ ಕಡಿಮೆ, ರೋಗಿಗಳು ಜಾಸ್ತಿ. ಇಂಡಿಯಾದಿಂದ ಬಂದ ವಿದ್ಯಾರ್ಥಿ ಅಂದರೆ ಎಲ್ಲ ಬರುತ್ತದೆ ಅಂತ ಅವರು ತಿಳಿದರೆ ಅದು ಅವರ ತಪ್ಪಲ್ಲ. ಹಾಗಾಗಿ ಕ್ಲಾಸಿನಲ್ಲಿ ಆಡಿ ತೋರಿಸುತ್ತೇವೆ. ನಾನು ಹೆರಿಗೆ ಕೋಣೆಯ ಹಿರಿಯ ನರ್ಸ್. ನನ್ನ ಮುಂದೆ ನಿಂತವಳು ಪಬ್ಲಿಕ್ ಹೆಲ್ತ್ ಓದುವ ಹುಡುಗಿ, ಜೀವಮಾನದಲ್ಲಿ ಒಂದು ಹೊಲಿಗೆ ಹಾಕಿದವಳಲ್ಲ.

"ಇವತ್ತು ನಾನೊಬ್ಬಳೇ. ಆ ಮೂರನೇ ಹಾಸಿಗೆಯವಳಿಗೆ ಹೊಲಿಗೆ ಹಾಕಿಬಿಡು."

"ಸಿಸ್ಟರ್, ನಾನು... ನೋಡಿದ್ದೇನೆ, ಆದರೆ..."

"ನೋಡಿದ್ದೀಯಲ್ಲ, ಸಾಕು. ನಾನು ಪಕ್ಕದಲ್ಲೇ ಇರ್ತೇನೆ."

ಇಲ್ಲಿ ಹತ್ತರಲ್ಲಿ ಏಳು ಮಂದಿ ಗ್ಲೌಸ್ ಹಾಕಿಕೊಳ್ಳುತ್ತಾರೆ. ಆಗ ನಾನು ಆಟ ನಿಲ್ಲಿಸಿ ಕೇಳುತ್ತೇನೆ, ಮೂರನೇ ಹಾಸಿಗೆಯಲ್ಲಿ ನಿನ್ನ ಅಕ್ಕ ಇದ್ದಿದ್ದರೆ? ಕಾಸರಗೋಡಿನ ಯಾವುದೋ ಆಸ್ಪತ್ರೆಗೆ ಹೊರದೇಶದಿಂದ ಬಂದ, ಹೊಲಿಗೆ ಬಾರದ ಹುಡುಗನೊಬ್ಬ ಅವಳಿಗೆ ಸೂಜಿ ಹಿಡಿದಿದ್ದರೆ? ಆಮೇಲೆ ಮತ್ತೆ ಆಡುತ್ತೇವೆ, ಬಾಯಿಯಿಂದ ಪೂರ್ತಿ ವಾಕ್ಯ ಬರುವವರೆಗೆ. "ಸಿಸ್ಟರ್, ಇದರಲ್ಲಿ ನನಗೆ ತರಬೇತಿ ಆಗಿಲ್ಲ, ನಾನು ಮಾಡುವ ಹಾಗಿಲ್ಲ. ಬಿಸಿನೀರು ತರಲಾ, ಮಗುವನ್ನು ನೋಡಿಕೊಳ್ಳಲಾ, ಯಾರನ್ನಾದರೂ ಕರೆಯಲಾ?" ಇಲ್ಲ ಅಂದು ಸುಮ್ಮನೆ ನಿಂತರೆ ಆಗುವುದಿಲ್ಲ, ಬೇರೆ ಏನು ಮಾಡಬಲ್ಲೆ ಅಂತ ಅದೇ ಉಸಿರಿನಲ್ಲಿ ಹೇಳಬೇಕು. ಇದನ್ನು ಗಟ್ಟಿ ದನಿಯಲ್ಲಿ ಹೇಳಿ ಅಭ್ಯಾಸ ಆಗದೆ ಯಾರನ್ನೂ ಕಳಿಸಬಾರದು ಅಂತ ನಾನು ಹಟ ಹಿಡಿದಿದ್ದೇನೆ.

ಉಗಾಂಡದ ಜಿಂಜಾದಲ್ಲಿ ವೈದ್ಯಕೀಯ ಓದೇ ಇಲ್ಲದ ಒಬ್ಬ ಅಮೆರಿಕನ್ ಹೆಣ್ಣುಮಗಳು ಅಪೌಷ್ಟಿಕತೆಯ ಮಕ್ಕಳಿಗೆ ಕೇಂದ್ರ ನಡೆಸಿದಳು. ಅಲ್ಲಿ ಮಕ್ಕಳು ಸತ್ತರು. 2019ರಲ್ಲಿ ಇಬ್ಬರು ತಾಯಂದಿರು ಕೋರ್ಟಿಗೆ ಹೋದರು, ಮುಂದಿನ ವರ್ಷ ರಾಜಿಯಾಯಿತು. ಆಕೆ ತಪ್ಪು ಒಪ್ಪಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು ಅಂತ ಎಷ್ಟೋ ಜನ ಆಕೆಯ ಪರ ನಿಂತರು. ತೀರಾ ಸೊರಗಿದ ಮಗುವಿಗೆ ಒಮ್ಮೆಲೇ ಜಾಸ್ತಿ ಆಹಾರ ಕೊಟ್ಟರೆ, ರಕ್ತನಾಳಕ್ಕೆ ಬೇಗ ಬೇಗ ಗ್ಲುಕೋಸ್ ಏರಿಸಿದರೆ ಜೀವ ಹೋಗಬಹುದು. ಅದು ಓದಿ, ಹಿರಿಯರ ಕೈಕೆಳಗೆ ಕಲಿತು ಗೊತ್ತಾಗಬೇಕಾದ ವಿಷಯ.

ಹೈಟಿಯ ಕಥೆ ಇನ್ನೂ ದೊಡ್ಡದು. 2010ರ ಜನವರಿಯ ಭೂಕಂಪದಲ್ಲಿ ನಜ್ಜುಗುಜ್ಜಾದ ದೇಶ. ಅದೇ ಅಕ್ಟೋಬರ್‌ನಲ್ಲಿ ಕಾಲರಾ ಶುರುವಾಯಿತು, ಅದಕ್ಕೆ ಮೊದಲು ನೂರು ವರ್ಷ ಅಲ್ಲಿ ಕಾಲರಾ ಕಂಡದ್ದೇ ಇಲ್ಲ. ತಂದವರು ಶಾಂತಿಪಾಲನೆಗೆ ಹೋದವರು. ವಿಶ್ವಸಂಸ್ಥೆಯ ಒಂದು ಶಿಬಿರದ ಪಾಯಿಖಾನೆಯ ನೀರು ಹೊಳೆಗೆ ಸೇರಿತು, ಹೊಳೆಯ ನೀರನ್ನು ಜನ ಕುಡಿದರು. 8 ಲಕ್ಷಕ್ಕೂ ಹೆಚ್ಚು ಜನರಿಗೆ ರೋಗ ಬಂತು, ಸುಮಾರು 10 ಸಾವಿರ ಜನ ಸತ್ತರು. ವಿಶ್ವಸಂಸ್ಥೆಯ ಮುಖ್ಯಸ್ಥರು ಕ್ಷಮೆ ಕೇಳಿದ್ದು 2016ರಲ್ಲಿ. ಲಸಿಕೆ, ಕೈ ತೊಳೆಯುವುದು, ಜ್ವರ ಇದ್ದಾಗ ವಾರ್ಡಿಗೆ ಹೋಗದಿರುವುದು, ಇದೆಲ್ಲ ನಮ್ಮ ಮಕ್ಕಳನ್ನು ಕಾಪಾಡಲಿಕ್ಕೆ ಮಾತ್ರ ಅಂತ ತಿಳಿಯಬೇಡಿ. ಅಲ್ಲಿಯವರನ್ನು ನಮ್ಮಿಂದ ಕಾಪಾಡಲಿಕ್ಕೂ ಬೇಕು.

ಸುರಕ್ಷತೆಯ ವಿಷಯದಲ್ಲಿ ಮನೆಯವರ ಹೆದರಿಕೆ ಒಂದು ಕಡೆ, ನಿಜವಾದ ಅಪಾಯ ಇನ್ನೊಂದು ಕಡೆ. ಅಪ್ಪ ಅಮ್ಮ ಕೇಳುವುದು ಎಬೋಲಾ ಉಂಟಾ, ಹುಲಿ ಸಿಂಹ ಉಂಟಾ ಅಂತ. ನನಗೆ ಹೆದರಿಕೆ ರಸ್ತೆಯದ್ದು. ಅಲ್ಲಿ ಬೋಡಾ ಬೋಡಾ ಅಂತ ಬಾಡಿಗೆ ಬೈಕ್ ಉಂಟು, ನಾಲ್ಕು ಜನ ಕೂತು ಹೋಗುವುದೂ ಉಂಟು. ರಾತ್ರಿ ಅದರಲ್ಲಿ ಹೋಗಬಾರದು, ಹಗಲಲ್ಲಿ ಹೆಲ್ಮೆಟ್ ಇಲ್ಲದೆ ಹತ್ತಬಾರದು. ಹೆಲ್ಮೆಟ್ ಇಲ್ಲಿಂದಲೇ ತೆಗೆದುಕೊಂಡು ಹೋಗಿ ಅಂತ ಹೇಳುತ್ತೇನೆ. ಚೀಲ ಭಾರ ಆಗುತ್ತದೆ ಅಂತ ಗೊಣಗುತ್ತಾರೆ. ಆಗಲಿ.

ಇನ್ನೊಂದು ಕೆರೆ. ತೋಡು, ಮದಕ ಕಂಡರೆ ಹಾರುವ ನಮ್ಮ ಮಕ್ಕಳಿಗೆ ವಿಕ್ಟೋರಿಯಾ ಸರೋವರ ನೋಡಿದರೆ ಸುಮ್ಮನಿರಲು ಆಗುವುದಿಲ್ಲ. ಆ ನೀರಿನಲ್ಲಿ ಬಸವನ ಹುಳದ ಮೂಲಕ ಬೆಳೆಯುವ ಒಂದು ಹುಳ ಇದೆ, ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಶಿಸ್ಟೊಸೋಮಿಯಾಸಿಸ್ ಅಂತ ಆ ಕಾಯಿಲೆಯ ಹೆಸರು. ನಮ್ಮ ಕಡೆ ಇಲ್ಲದ ಕಾರಣ ಇಲ್ಲಿಯ ಡಾಕ್ಟರಿಗೂ ಬೇಗ ಹೊಳೆಯುವುದಿಲ್ಲ. ಕಾಲು ಅದ್ದುವುದೂ ಬೇಡ.

ಲಸಿಕೆಗೆ ತುಂಬ ಮೊದಲೇ ಹೊರಡಬೇಕು, ಇದನ್ನು ಎಲ್ಲರೂ ಕೊನೆಗೆ ಇಡುತ್ತಾರೆ. ಹೆಪಟೈಟಿಸ್ ಬಿ ಮೂರು ಡೋಸ್ ಸೊನ್ನೆ, ಒಂದು, ಆರು ತಿಂಗಳಿಗೆ, ಅಂದರೆ ಇಡೀ ಆರು ತಿಂಗಳು ಬೇಕು. ಹಳದಿ ಜ್ವರದ ಲಸಿಕೆ ಎಲ್ಲ ಕಡೆ ಸಿಗುವುದಿಲ್ಲ, ಸರಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು, ಸರ್ಟಿಫಿಕೇಟ್‌ಗೆ ಬೆಲೆ ಬರುವುದು ಹತ್ತು ದಿನದ ನಂತರ. ಒಮ್ಮೆ ಹಾಕಿಸಿದರೆ ಜೀವನಪೂರ್ತಿಗೆ ಆಯಿತು. ಆ ಸರ್ಟಿಫಿಕೇಟಿನ ಹಳದಿ ಪುಸ್ತಕ ಇಲ್ಲದೆ ಉಗಾಂಡದಿಂದ ವಾಪಸ್ ಬಂದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಆರು ದಿನದವರೆಗೆ ಕ್ವಾರಂಟೈನ್ ಹಾಕಬಹುದು. ಮಲೇರಿಯಾ ಮಾತ್ರೆ ಯಾವುದು ಅಂತ ಡಾಕ್ಟರು ಹೇಳಲಿ, ಆದರೆ ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೂ ನಾಲ್ಕು ವಾರ ನುಂಗಬೇಕು. ಬಸ್‌ಸ್ಟಾಂಡ್ ತಲುಪಿದ ಕೂಡಲೇ ಬಿಡುವವರೇ ಜಾಸ್ತಿ.

ಸೂಜಿ ಚುಚ್ಚಿದರೆ ಏನು ಮಾಡಬೇಕು ಅಂತ ಹೊರಡುವ ಮೊದಲೇ ತೀರ್ಮಾನ ಆಗಿರಬೇಕು. ಎಚ್‌ಐವಿ ತಡೆಯುವ ಮಾತ್ರೆಯನ್ನು ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ, ತಡ ಅಂದರೆ 72 ಗಂಟೆಯೊಳಗೆ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಆ ಊರಲ್ಲಿ ಆ ಮಾತ್ರೆ ಎಲ್ಲಿ ಸಿಗುತ್ತದೆ? ಭಾನುವಾರ ಸಿಗುತ್ತದಾ? ಅಲ್ಲಿಯ ರೋಗಿಗಳಿಗೆ ಇಟ್ಟ ಸ್ಟಾಕಿನಿಂದ ತೆಗೆಯುವುದು ಸರಿಯಾ, ಅಥವಾ ನಾವೇ ಒಂದು ಕೋರ್ಸ್ ಕಳಿಸಬೇಕಾ? ಇದನ್ನು ಕಾಲೇಜು ಕೂತು ಯೋಚಿಸಬೇಕು. ಇಪ್ಪತ್ತೊಂದು ವರ್ಷದ ಹುಡುಗಿ ಅಲ್ಲಿ ಅಳುತ್ತಾ ಗೂಗಲ್ ಮಾಡುವ ಹಾಗೆ ಆಗಬಾರದು.

ಹುಡುಗಿಯರ ಹತ್ತಿರ ಬೇರೆಯೇ ಕೂತು ಮಾತಾಡುತ್ತೇನೆ. ಅಲ್ಲಿ ಯಾರಾದರೂ ಕೈ ಮುಟ್ಟಿದರೆ, ಮೇಲಧಿಕಾರಿಯೇ ರಾತ್ರಿ ಫೋನ್ ಮಾಡಿದರೆ, ಪ್ರಾಜೆಕ್ಟ್ ಹಾಳಾಗುತ್ತದೆ ಅಂತ ಸಹಿಸಬೇಡಿ. ಒಂದು ಫೋನ್ ಸಾಕು, ಟಿಕೆಟ್ ಕಾಲೇಜಿನದ್ದು, ಮಾರ್ಕು ಕಡಿಮೆ ಆಗುವುದಿಲ್ಲ. ಈ ಮೂರೂ ಬರಹದಲ್ಲಿ ಕೊಡಬೇಕು, ಪ್ರಿನ್ಸಿಪಾಲರ ಸಹಿಯೊಂದಿಗೆ. ಹಾಗೆಯೇ ಆ ದೇಶದ ಕಾನೂನು. ಉಗಾಂಡದಲ್ಲಿ 2023ರಿಂದ ಸಲಿಂಗ ಸಂಬಂಧಕ್ಕೆ ಬಹಳ ಕಠಿಣ ಶಿಕ್ಷೆಯ ಕಾನೂನು ಇದೆ. ಯಾರಿಗೆ ಅದು ಮುಖ್ಯವೋ ಅವರಿಗೆ ಹೆಸರು ಹೇಳಿಸದೆ ತಿಳಿಯುವ ದಾರಿ ಇರಬೇಕು, ಬೇರೆ ದೇಶ ಆರಿಸಿಕೊಳ್ಳುವ ಅವಕಾಶವೂ.

ಗಡಿ ಮುಚ್ಚಿದರೆ ಏನು ಅಂತಲೂ ಯೋಚಿಸಬೇಕು. ನಮಗೆ ಇದು ದೂರದ ಮಾತಲ್ಲ. 2020ರ ಮಾರ್ಚ್ ಕೊನೆಗೆ ಕೊರೋನಾಕ್ಕೆ ಹೆದರಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ, ಡಯಾಲಿಸಿಸ್‌ಗೂ ಹೃದಯದ ಕಾಯಿಲೆಗೂ ಮಂಗಳೂರನ್ನೇ ನಂಬಿದ್ದ ನಮ್ಮವರ ಆಂಬುಲೆನ್ಸ್ ವಾಪಸ್ ಬಂದವು, ದಾರಿಯಲ್ಲೇ ಜೀವ ಹೋದವರು ಇದ್ದಾರೆ. ದಿನಾ ಹೋಗಿಬರುವ ರಸ್ತೆ ಒಂದು ರಾತ್ರಿಯಲ್ಲಿ ಇಲ್ಲ ಆಗಬಹುದು. ಆದ್ದರಿಂದ ಮಕ್ಕಳು ಹೋಗುವ ಊರಿಂದ ಒಳ್ಳೆಯ ಆಸ್ಪತ್ರೆ ಎಷ್ಟು ದೂರ, ಎರಡನೇ ದಾರಿ ಯಾವುದು, ಇನ್ಶೂರೆನ್ಸ್‌ನಲ್ಲಿ ವಿಮಾನದಲ್ಲಿ ಸಾಗಿಸುವ ಖರ್ಚು ಸೇರಿದೆಯಾ ಅಂತ ನಾನು ಒಂದೊಂದೇ ಕೇಳಿ ಬರೆಸುತ್ತೇನೆ. ಭಾರತೀಯ ರಾಯಭಾರ ಕಚೇರಿಯ ನಂಬರ್ ಫೋನಿನಲ್ಲೂ ಇರಬೇಕು, ಕಾಗದದಲ್ಲೂ ಇರಬೇಕು.

ಕಾಲೇಜುಗಳ ಬಗ್ಗೆ ಒಂದು ಮಾತು ನೇರವಾಗಿ ಹೇಳುತ್ತೇನೆ. ಇಂಥ ತರಬೇತಿ ಹೇಗಿರಬೇಕು ಅಂತ 2010ರಲ್ಲೇ ವೇಯ್ಟ್ ಎಂಬ ಹೆಸರಿನ ಮಾರ್ಗಸೂಚಿ ಬಂದಿದೆ. ಕಳಿಸುವವರು, ಕರೆಸಿಕೊಳ್ಳುವವರು, ಹೋಗುವವರು, ಹಣ ಕೊಡುವವರು, ಎಲ್ಲರ ಕರ್ತವ್ಯ ಅದರಲ್ಲಿದೆ. ಅದರಲ್ಲಿ ನನಗೆ ಹಿಡಿಸಿದ್ದು, ಕರೆಸಿಕೊಳ್ಳುವವರಿಗೆ ಆಗುವ ಖರ್ಚನ್ನು ಲೆಕ್ಕ ಹಾಕಿ ಅನ್ನುವುದು. ನಮ್ಮ ಒಬ್ಬ ಹುಡುಗನಿಗೆ ಅಲ್ಲಿಯ ಡಾಕ್ಟರು ದಿನಕ್ಕೆ ಒಂದು ಗಂಟೆ ಕೊಟ್ಟರೆ, ಆ ಒಂದು ಗಂಟೆ ಅಲ್ಲಿಯ ರೋಗಿಗಳದ್ದು. ಅದಕ್ಕೆ ನಾವು ಏನು ಕೊಡುತ್ತೇವೆ? ಶಾಲು, ಫಲಕ ಸಾಲದು. ಅವರ ಮಕ್ಕಳು, ಅವರ ನರ್ಸ್‌ಗಳು ಇಲ್ಲಿಗೆ ಬರುವ ಹಾಗೆ ಆಗಬೇಕು. ನೋಡಲಿಕ್ಕೆ ನಮ್ಮಲ್ಲಿ ಉಂಟು. ಕೇರಳದಲ್ಲಿ ಪಂಚಾಯತ್ ಮಟ್ಟದಲ್ಲಿ ನಡೆಯುವ ಪಾಲಿಯೇಟಿವ್ ಆರೈಕೆ, ನರ್ಸ್ ಜೀಪಿನಲ್ಲಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರ ಹುಣ್ಣು ತೊಳೆದು ಮಾತಾಡಿಸಿ ಬರುವುದು, ಇದನ್ನು ನೋಡಲು ಬೇರೆ ದೇಶಗಳಿಂದ ಕೋಯಿಕ್ಕೋಡ್‌ಗೆ ಬರುತ್ತಾರೆ. ನಮ್ಮ ಎಣ್ಮಕಜೆಗೂ ಬರಲಿ. ಅವರು ಬಂದಾಗ ಅವರ ವಿಮಾನದ ಖರ್ಚು ಯಾರದ್ದು ಅಂತ ನಾನು ಮೀಟಿಂಗಿನಲ್ಲಿ ಕೇಳಿದಾಗಲೆಲ್ಲ ಮೌನ. ನಾನು ಕೇಳುವುದನ್ನು ಬಿಡುವುದಿಲ್ಲ.

ಮಕ್ಕಳು ವಾಪಸ್ ಬಂದ ಮೇಲೂ ಎರಡು ಕೆಲಸ ಬಾಕಿ ಇರುತ್ತದೆ. ಒಂದು, ಜ್ವರ. ಬಂದ ಒಂದು ತಿಂಗಳು, ಮೂರು ತಿಂಗಳು, ಕೆಲವೊಮ್ಮೆ ಅದಕ್ಕೂ ನಂತರ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಮಲಗಬಾರದು. ಅದೇ ದಿನ ಮಲೇರಿಯಾಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಆಫ್ರಿಕಾಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಅವರು ಕೇಳದಿದ್ದರೂ ಹೇಳಿ. ಇದನ್ನು ಮನೆಯವರಿಗೂ ಹೇಳಿರುತ್ತೇನೆ. ಜ್ವರದಲ್ಲಿ ಮಂಕಾದ ಹುಡುಗನಿಗೆ ನೆನಪಾಗದಿದ್ದರೆ ಅಮ್ಮನಿಗಾದರೂ ನೆನಪಾಗಲಿ. ಇನ್ನೊಂದು, ವರದಿ. ಇಲ್ಲಿ ಸೆಮಿನಾರ್‌ನಲ್ಲಿ ಓದುವ ಮೊದಲು ಅದು ಅಲ್ಲಿಗೆ ಹೋಗಬೇಕು, ಅಲ್ಲಿಯ ಆರೋಗ್ಯ ಕೇಂದ್ರದವರು ಓದಿ, ಇದು ಸರಿ, ಇದು ಸರಿಯಿಲ್ಲ, ಈ ಫೋಟೋ ತೆಗೆಯಿರಿ ಅಂತ ಹೇಳಬೇಕು. ಜೊತೆಗೆ ನಮ್ಮ ವಿದ್ಯಾರ್ಥಿ ಹೇಗೆ ನಡೆದುಕೊಂಡ ಅಂತ ಅವರು ಬರೆದು ಕಳಿಸುತ್ತಾರೆ. ಹೋದ ಸಲ ಒಬ್ಬ ನರ್ಸ್ ಬರೆದಿದ್ದರು, ಹುಡುಗರು ಒಳ್ಳೆಯವರು, ಆದರೆ ನಮ್ಮ ಊಟದ ಹೊತ್ತಿಗೆ ಪ್ರಶ್ನೆ ಕೇಳಲು ಬರುತ್ತಾರೆ, ನಮಗೆ ಇರುವುದು ಅದೊಂದೇ ಬಿಡುವು ಅಂತ. ಈ ವರ್ಷ ಹೊರಡುವ ತಂಡಕ್ಕೆ ಮೊದಲ ದಿನ ಓದಿ ಹೇಳಿದ್ದು ಆ ಕಾಗದವನ್ನೇ.